ತಾಡಪತ್ರ ಭಂಡಾರಗಳ ಡಿಜಿಟಲ್ ಸಂಗ್ರಹ: ಪ್ರತಿ, ಪಾಠ ಮತ್ತು ಸೂಚಿ

ಜೈನ ಪರಂಪರೆಯಲ್ಲಿ ಗ್ರಂಥರಕ್ಷಣೆಯೆಂದರೆ ಪ್ರತಿಗಳನ್ನು ಹೆಚ್ಚಿಸುವುದೇ ಆಗಿದ್ದಿತು. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ ಸಂಗತಿ ವಿದ್ವಾಂಸರಿಗೆ ವಿದಿತವೇ ಇದೆ. ಒಂದು ಪ್ರತಿ ನಷ್ಟವಾದರೂ ಮತ್ತೊಂದು ಉಳಿಯಬೇಕು, ಗ್ರಂಥವು ಓದುವವನಿದ್ದಲ್ಲಿಗೆ ಹೋಗಬೇಕು ಎಂಬುದೇ ಈ ಶಾಸ್ತ್ರದಾನದ ತಾತ್ಪರ್ಯ. ರಾಷ್ಟ್ರಮಟ್ಟದಲ್ಲಿ ನಡೆದಿರುವ ಡಿಜಿಟಲ್ ಸಂಗ್ರಹಗಳ ಯೋಜನೆಯನ್ನೂ ಇದೇ ದೃಷ್ಟಿಯಿಂದ ಪರಿಶೀಲಿಸುವುದು ಯುಕ್ತವಾಗಿದೆ.

ಭಾರತ ಸರ್ಕಾರವು 2003ರ ಫೆಬ್ರವರಿಯಲ್ಲಿ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನವನ್ನು ಸ್ಥಾಪಿಸಿತು. ಕನಿಷ್ಠ 75 ವರ್ಷ ಹಳೆಯದಾದ ಕೈಬರಹದ ಗ್ರಂಥವನ್ನು ಹಸ್ತಪ್ರತಿಯೆಂದು ಪರಿಗಣಿಸಿ, ದೇಶದಾದ್ಯಂತ ಸಂಪನ್ಮೂಲ ಕೇಂದ್ರಗಳನ್ನೂ ಸಂರಕ್ಷಣ ಕೇಂದ್ರಗಳನ್ನೂ ಏರ್ಪಡಿಸಿ, ‘ಕೃತಿಸಂಪದ’ವೆಂಬ ರಾಷ್ಟ್ರೀಯ ಸೂಚಿಯನ್ನು ಆ ಅಭಿಯಾನವು ರೂಪಿಸಿತು. 2025-26ರ ಕೇಂದ್ರ ಆಯವ್ಯಯದಲ್ಲಿ ‘ಜ್ಞಾನ ಭಾರತಂ’ ಅಭಿಯಾನವು ಘೋಷಿತವಾಗಿ, ಒಂದು ಕೋಟಿಗೂ ಮಿಕ್ಕ ಹಸ್ತಪ್ರತಿಗಳ ಸರ್ವೇಕ್ಷಣೆ, ದಾಖಲೆ ಹಾಗೂ ಸಂರಕ್ಷಣೆಯನ್ನು ಅದರ ಗುರಿಯೆಂದು ಸಾರಲಾಯಿತು.

ಇಂಥ ಯೋಜನೆಯ ಅಗತ್ಯವನ್ನು ಕರ್ನಾಟಕದ ಈಶಾನ್ಯ ಸೀಮೆಯಿಂದ ನೋಡಿದರೆ ವಿಷಯವು ವಿಶದವಾಗುತ್ತದೆ. ಯಾದಗಿರಿ ಜಿಲ್ಲೆಯ ಕಡೇಚೂರಿನ ಉತ್ತರಕ್ಕೆ, ಕಾಗಿಣಾ ನದಿಯ ದಡದಲ್ಲಿ, ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ, ಅಂದರೆ ಇಂದಿನ ಮಳಖೇಡವಿದೆ. ಅಮೋಘವರ್ಷನ ಆಳ್ವಿಕೆಯಲ್ಲಿ ಜಿನಸೇನಾಚಾರ್ಯರು ಶಕ 759ರಲ್ಲಿ, ಎಂದರೆ ಕ್ರಿ.ಶ. 837ರಲ್ಲಿ, ಜಯಧವಲಾ ಟೀಕೆಯನ್ನು ಪೂರ್ಣಗೊಳಿಸಿದರು. ಮಹಾವೀರಾಚಾರ್ಯರ ಗಣಿತಸಾರಸಂಗ್ರಹವೂ ಆ ಅರಸನ ಕಾಲದ್ದೇ. ಪುಷ್ಪದಂತನು ಅಪಭ್ರಂಶದ ಮಹಾಪುರಾಣವನ್ನು ಮಾನ್ಯಖೇಟದಲ್ಲಿಯೇ 965ರಲ್ಲಿ ಮುಗಿಸಿದನು. ಆದರೆ ಆ ರಾಜ್ಯಕಾಲದ ಸಿದ್ಧಾಂತಟೀಕೆಗಳ ಪ್ರಾಚೀನ ತಾಡಪತ್ರಗಳು ಉಳಿದುಬಂದದ್ದು ನೂರಾರು ಮೈಲಿ ದೂರದ ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ. ಹೀಗೆ ಗ್ರಂಥ ಹುಟ್ಟಿದ ನಾಡು ಒಂದು, ಉಳಿದ ನಾಡು ಮತ್ತೊಂದು. ಕಡೇಚೂರಿನ ವಿದ್ಯಾರ್ಥಿಯೊಬ್ಬನು ತನ್ನ ಸೀಮೆಯ ವಾಙ್ಮಯದ ಮೂಲರೂಪವನ್ನು ಕಾಣಬೇಕಾದರೆ ಸಾರ್ವತ್ರಿಕವಾಗಿ ಲಭ್ಯವಾದ ಸಂಗ್ರಹವೇ ಅವನಿಗೆ ಸುಲಭವಾದ ದಾರಿ.

ಆದರೆ ಪ್ರತಿಯು ಮೂಲದಿಂದ ದೂರವಾದಷ್ಟೂ ಪಾಠವು ಸಡಿಲವಾಗುವುದೆಂಬುದಕ್ಕೆ ಈ ಗ್ರಂಥಗಳ ಇತಿಹಾಸವೇ ಸಾಕ್ಷಿ. ಹಳೆಯ ಕನ್ನಡ ಲಿಪಿಯ ಆ ತಾಡಪತ್ರಗಳನ್ನು 19ನೆಯ ಶತಮಾನದ ಕೊನೆಯಿಂದ ಕಾಗದಕ್ಕೆ ಇಳಿಸಲಾಯಿತು. ಒಂದು ಕನ್ನಡ ಪ್ರತಿ ಸಹಾರನಪುರವನ್ನು ಸೇರಿ, ಅಲ್ಲಿಂದ ನಾಗರೀ ಪ್ರತಿಗಳು ಬೇರೆಡೆಗಳಿಗೆ ಹರಡಿದವು. ಹೀರಾಲಾಲ ಜೈನರು 1939ರಲ್ಲಿ ಧವಲಾಸಹಿತ ಷಟ್ಖಂಡಾಗಮದ ಪ್ರಥಮ ಸಂಪುಟವನ್ನು ಪ್ರಕಟಿಸಿದಾಗ ಅವರ ಕೈಯಲ್ಲಿದ್ದುದು ಇಂಥ ಪ್ರತಿಯ ಪ್ರತಿಗಳೇ. ಸತ್ಪ್ರರೂಪಣೆಯ 93ನೆಯ ಸೂತ್ರದಲ್ಲಿ, ಮನುಷ್ಯಿಣಿಯ ಗುಣಸ್ಥಾನಗಳನ್ನು ಹೇಳುವೆಡೆ, ಆ ಪ್ರತಿಗಳಲ್ಲಿ ‘ಸಂಜದ’ ಎಂಬ ಪದವಿರಲಿಲ್ಲ. ಪಾಠವು ಲುಪ್ತವಾಗಿರಬೇಕೆಂದು ಸಂಪಾದಕರು ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ಮುಂದೆ ಮೂಡುಬಿದಿರೆಯ ತಾಡಪತ್ರವನ್ನು ನೋಡಿದಾಗ ಆ ಪದವು ಅಲ್ಲಿರುವುದು ಕಂಡುಬಂದಿತು. ಸ್ತ್ರೀಯ ಸಂಯಮ ಹಾಗೂ ಮುಕ್ತಿಯ ವಿಚಾರಕ್ಕೆ ಸಂಬಂಧಿಸಿದ ದೀರ್ಘ ಚರ್ಚೆಯೊಂದು ಈ ಒಂದೇ ಪದವನ್ನು ಆಶ್ರಯಿಸಿತ್ತು.

ಆದಕಾರಣ ಡಿಜಿಟಲ್ ಸಂಗ್ರಹದಲ್ಲಿ ಅಚ್ಚುಕಟ್ಟಾದ ಪಠ್ಯಕ್ಕಿಂತ ಮೊದಲು ಗರಿಯ ಚಿತ್ರವಿರಬೇಕು. ಪ್ರತಿಯೊಂದು ಗರಿಯ ಎರಡು ಮಗ್ಗುಲುಗಳೂ, ಬರಹವಿಲ್ಲದ ರಕ್ಷಾಪತ್ರಗಳೂ ಸೇರಬೇಕು. ಕಂಟದಿಂದ ಕೊರೆದು ಮಸಿ ತುಂಬದಿರುವ, ಅಥವಾ ಮಸಿ ಮಾಸಿದ ಅಕ್ಷರಗಳು ನೇರ ಬೆಳಕಿನಲ್ಲಿ ಕಾಣುವುದಿಲ್ಲ. ಓರೆಯಾಗಿ ಬಿದ್ದ ಬೆಳಕಿನಲ್ಲಿ ಗೀರುಗಳು ಎದ್ದು ತೋರುತ್ತವೆ. ಲಿಪ್ಯಂತರವು ಚಿತ್ರದ ಪಕ್ಕದಲ್ಲಿರಲಿ. ಅದರ ಸ್ಥಾನದಲ್ಲಿ ಬೇಡ. ಕರಾವಳಿಯ ಭಂಡಾರಗಳಲ್ಲಿ ದೊರೆಯುವ ತಿಗಳಾರಿ ಲಿಪಿಗೆ 2024ರಲ್ಲಿ ಯೂನಿಕೋಡ್ ಸಂಕೇತವು ದೊರೆತಿರುವುದರಿಂದ ಆ ಲಿಪಿಯಲ್ಲಿಯೇ ಪಾಠವನ್ನು ದಾಖಲಿಸುವ ಮಾರ್ಗವೂ ತೆರೆದಿದೆ.

ಎರಡನೆಯದು ಸೂಚಿಯ ಕಾರ್ಯ. ಕೆ. ಭುಜಬಲಿ ಶಾಸ್ತ್ರಿಗಳ ಕನ್ನಡಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿಯು 1948ರಲ್ಲಿ ಕಾಶಿಯ ಭಾರತೀಯ ಜ್ಞಾನಪೀಠದಿಂದ ಪ್ರಕಟವಾಯಿತು. ಆ ಬಗೆಯ ಶ್ರಮವಿಲ್ಲದೆ ಲಕ್ಷ ಚಿತ್ರಗಳಿದ್ದರೂ ಅವು ಕಟ್ಟು ಬಿಚ್ಚದ ಓಲೆಗಳಿದ್ದಂತೆಯೇ. ಒಂದು ಕಟ್ಟಿನಲ್ಲಿ ಹಲವು ಕೃತಿಗಳಿರುವುದುಂಟು. ಮೊದಲ ಗರಿಯ ಹೆಸರನ್ನಷ್ಟೇ ಬರೆದರೆ ಉಳಿದವು ಕಾಣೆಯಾದಂತೆಯೇ ಸರಿ. ಆದಿ, ಅಂತ್ಯ, ಪ್ರಶಸ್ತಿ, ಲಿಪಿಕಾರ, ಬರೆಯಿಸಿದವರು, ಗರಿಗಳ ಸಂಖ್ಯೆ, ಲುಪ್ತಭಾಗ ಇವೆಲ್ಲವನ್ನೂ ಗರಿಗಳನ್ನು ಓದಬಲ್ಲ ಪಂಡಿತನೇ ತುಂಬಬೇಕು. ಯಂತ್ರವನ್ನು ಕೊಳ್ಳುವುದಕ್ಕಿಂತ ಇಂಥ ಓದುಗರನ್ನು ಸಿದ್ಧಗೊಳಿಸುವುದು ಕಠಿನವೂ ಹೆಚ್ಚು ಅವಶ್ಯವೂ ಆದ ಕಾರ್ಯ.

ಮೂರನೆಯದು ಭಂಡಾರಗಳ ಸಮ್ಮತಿ. ಶತಮಾನಗಳ ಕಾಲ ಶ್ರುತವನ್ನು ಕಾಯ್ದವರು ಮಠ-ಬಸದಿಗಳವರು. ಗರಿಗಳು ಸ್ಥಳದಲ್ಲಿಯೇ ಉಳಿದು, ಚಿತ್ರಗಳ ಒಂದು ಪ್ರತಿ ಭಂಡಾರಕ್ಕೆ ಸಂದು, ಉಪಯೋಗದ ನಿಯಮಗಳು ಲಿಖಿತವಾಗಿದ್ದರೆ ಅವರ ಸಂಕೋಚಕ್ಕೆ ಕಾರಣವಿರಲಾರದು. ಚಿತ್ರಗಳಿಗೂ ನಾಶವುಂಟೆಂಬುದನ್ನು ಮರೆಯಲಾಗದು. ಅವನ್ನು ಒಂದಕ್ಕಿಂತ ಹೆಚ್ಚು ಸ್ಥಳಗಳಲ್ಲಿಟ್ಟು, ಸಾಧನಗಳು ಹಳತಾದಂತೆ ಹೊಸತಕ್ಕೆ ವರ್ಗಾಯಿಸಬೇಕು. ಪ್ರತಿವರ್ಷ ಜ್ಯೇಷ್ಠ ಶುದ್ಧ ಪಂಚಮಿಯಂದು, ಶ್ರುತಪೂಜೆಯ ಅಂಗವಾಗಿ, ಕಟ್ಟುಗಳೊಡನೆ ಅವುಗಳ ಡಿಜಿಟಲ್ ಪ್ರತಿಗಳನ್ನೂ ತೆರೆದು ಪರೀಕ್ಷಿಸುವ ಪದ್ಧತಿಯನ್ನು ಭಂಡಾರಗಳು ಕೈಗೊಂಡರೆ ಶ್ರುತಪಂಚಮಿಯ ಆಚರಣೆಯು ಸಾರ್ಥಕವಾದೀತು.