ಹಳೆಯ ಪಾಠ ಎಲ್ಲಿ ಹೋಯಿತು?

ಮಳವಳ್ಳಿಯಿಂದ ಬೆಳಗಿನ ಬಸ್ಸು ಹಿಡಿದು ಮಂಡ್ಯದ ಕಾಲೇಜಿಗೆ ಬರುವ ವಿದ್ಯಾರ್ಥಿಯೊಬ್ಬನನ್ನು ಊಹಿಸಿಕೊಳ್ಳಿ. 2022ರಲ್ಲಿ ಬಿ.ಎಸ್ಸಿ.ಗೆ ಸೇರಿದವನು. ಎರಡನೆಯ ಸೆಮಿಸ್ಟರಿನ ಭೌತಶಾಸ್ತ್ರ ಪತ್ರಿಕೆಯೊಂದು ಉಳಿದುಹೋಯಿತು. ಅದನ್ನು ಕಟ್ಟಿ ಮತ್ತೆ ಬರೆಯುವ ಹೊತ್ತಿಗೆ ಹಿಂದಿನಿಂದ ಬಂದವರು ಬೇರೆ ಪಠ್ಯಕ್ರಮ ಓದುತ್ತಿದ್ದಾರೆ. ತರಗತಿಯಲ್ಲಿ ನಡೆಯುವುದು ಹೊಸ ಪಾಠ. ಆಗ ಮೊಬೈಲಿನಲ್ಲಿ ಗುರುತು ಹಾಕಿಟ್ಟಿದ್ದ ಹಳೆಯ ಪಾಠದ ಕೊಂಡಿಯನ್ನು ಒತ್ತಿದರೆ ‘ಪುಟ ಸಿಗುತ್ತಿಲ್ಲ’ ಎಂಬ ಉತ್ತರ ಬರುತ್ತದೆ. ಪಾಠವನ್ನು ಯಾರೋ ಕಷ್ಟಪಟ್ಟು ತಯಾರಿಸಿದ್ದರು. ಅದು ಸುಳ್ಳೂ ಆಗಿರಲಿಲ್ಲ. ಆದರೂ ಇಲ್ಲ.

ಇಂತಹ ಪರಿಸ್ಥಿತಿ ಬರಲು ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ರಾಷ್ಟ್ರೀಯ ಶಿಕ್ಷಣ ನೀತಿಯಂತೆ ಕರ್ನಾಟಕದ ಪದವಿ ತರಗತಿಗಳ ಪಠ್ಯಕ್ರಮ 2021–22ರಲ್ಲಿ ಬದಲಾಯಿತು. 2024–25ರಲ್ಲಿ ಮೂರು ವರ್ಷದ ಪದವಿ ಮರಳಿ ಬಂತು, ಪಠ್ಯಕ್ರಮ ಮತ್ತೆ ಬದಲಾಯಿತು. ಆ ವರ್ಷ ಮಂಡ್ಯ, ಮದ್ದೂರು, ಮಳವಳ್ಳಿಯ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಒಂದೇ ಕಟ್ಟಡದ ಒಂದು ಕೋಣೆಯಲ್ಲಿ ಹೊಸ ಕ್ರಮ, ಪಕ್ಕದ ಕೋಣೆಯಲ್ಲಿ ಹಿಂದಿನ ಕ್ರಮ. ಇದರ ನಡುವೆ, 2021ರ ಮಾರ್ಚಿನಲ್ಲಿ ಕಾಲೇಜು ಶಿಕ್ಷಣ ಇಲಾಖೆ ‘ಕರ್ನಾಟಕ ಎಲ್.ಎಂ.ಎಸ್.’ ಎಂಬ ಅಂತರಜಾಲ ಕಲಿಕಾ ವ್ಯವಸ್ಥೆಯನ್ನು ಆರಂಭಿಸಿತ್ತು. ಅಧ್ಯಾಪಕರು ಪಾಠದ ವಿಡಿಯೊ, ಟಿಪ್ಪಣಿ, ಪ್ರಶ್ನಾವಳಿಗಳನ್ನು ತಯಾರಿಸಿ ಅದಕ್ಕೆ ಸೇರಿಸಿದರು. ಪಠ್ಯಕ್ರಮ ಬದಲಾದ ಕೂಡಲೇ ಆ ಕೆಲಸವೆಲ್ಲ ‘ಹಳೆಯದು’ ಎನಿಸಿಕೊಂಡಿತು.

ಎಂಜಿನಿಯರಿಂಗ್ ಓದುವವರಿಗೆ ಇದು ಹೊಸ ಅನುಭವವಲ್ಲ. 1998ರಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ 2002, 2006, 2010, 2015, 2017, 2018, 2021, 2022 ಎಂದು ‘ಸ್ಕೀಮ್’ಗಳ ಸಾಲೇ ಇದೆ. ಇಬ್ಬರು ವಿದ್ಯಾರ್ಥಿಗಳು ಟಿಪ್ಪಣಿ ಬದಲಾಯಿಸಿಕೊಳ್ಳುವಾಗ ಮೊದಲು ಕೇಳುವ ಪ್ರಶ್ನೆ ‘ಯಾವ ಸ್ಕೀಮ್?’ ಎಂಬುದೇ. ವಿದ್ಯಾರ್ಥಿಯ ನೋಂದಣಿ ಸಂಖ್ಯೆಯಲ್ಲೇ ಇದರ ಸುಳಿವಿರುತ್ತದೆ. ‘4ಪಿಎಸ್18’ ಎಂದು ಆರಂಭವಾದರೆ ಆತ ಮೈಸೂರು ವಲಯದ, ಮಂಡ್ಯದ ಪಿ.ಇ.ಎಸ್. ಕಾಲೇಜಿಗೆ 2018ರಲ್ಲಿ ಸೇರಿದವನು. ಆ ಕಾಲೇಜು ಈಗ ಸ್ವಾಯತ್ತವಾದ್ದರಿಂದ ಅದರ ಪಠ್ಯಕ್ರಮ ಬೇರೆ. ಮದ್ದೂರು ತಾಲ್ಲೂಕಿನ ಭಾರತೀನಗರದ ಎಂಜಿನಿಯರಿಂಗ್ ಕಾಲೇಜಿನವರದು ವಿಶ್ವವಿದ್ಯಾಲಯದ್ದೇ. ಇಪ್ಪತ್ತು ಕಿಲೋಮೀಟರಿನ ಆಸುಪಾಸಿನಲ್ಲೇ ಇಷ್ಟು ಬಗೆ!

ಈ ವಿಶ್ವವಿದ್ಯಾಲಯದ ದೂರಪಾಠದ ಕಥೆ ಸ್ವಾರಸ್ಯಕರವಾಗಿದೆ. ಶಿಕ್ಷಣಕ್ಕೆಂದೇ ಮೀಸಲಾದ ಎಡುಸ್ಯಾಟ್ ಉಪಗ್ರಹವನ್ನು ಇಸ್ರೊ 2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟಾದಿಂದ ಹಾರಿಸಿತು. ಸುಮಾರು 1950 ಕಿಲೋಗ್ರಾಂ ತೂಕದ ಉಪಗ್ರಹವದು. ಅದು ಮೇಲೇರುವ ಮೊದಲೇ ಇನ್ಸಾಟ್-3ಬಿ ಮೂಲಕ ಪ್ರಯೋಗ ನಡೆಸಿದ ಸಂಸ್ಥೆಗಳಲ್ಲಿ ಈ ವಿಶ್ವವಿದ್ಯಾಲಯವೂ ಒಂದು. ಮೈಸೂರಿನ ಸ್ಟುಡಿಯೊದಲ್ಲಿ ಒಬ್ಬ ಪ್ರಾಧ್ಯಾಪಕರು ಪಾಠ ಹೇಳಿದರೆ ರಾಜ್ಯದ ದೂರ ದೂರದ ಕಾಲೇಜುಗಳಲ್ಲಿ ಅದು ಕಾಣುತ್ತಿತ್ತು. ಮುಂದೆ ಅದೇ ಕಾರ್ಯಕ್ರಮದ ಟಿಪ್ಪಣಿ, ವಿಡಿಯೊಗಳು ಅಂತರಜಾಲಕ್ಕೂ ಬಂದವು. ಉಪಗ್ರಹ 2010ರ ಸೆಪ್ಟೆಂಬರಿನಲ್ಲಿ ನಿವೃತ್ತವಾಯಿತು. ಉಪಗ್ರಹಕ್ಕೆ ಆಯಸ್ಸು ಇಂತಿಷ್ಟು ಎಂದು ಮೊದಲೇ ಲೆಕ್ಕ ಹಾಕಿರುತ್ತಾರೆ. ಪಾಠಕ್ಕೆ ಅಂಥ ಲೆಕ್ಕ ಹಾಕುವವರು ಕಡಿಮೆ.

ಪಾಠ ಹೇಗೆ ಸಾಯುತ್ತದೆ? ಅಳಿಸಿದರೆ ಮಾತ್ರ ಎಂದು ಭಾವಿಸುವುದು ತಪ್ಪು. ಕಡತ ಅಲ್ಲೇ ಇದ್ದರೂ ಓದುವ ಸಾಧನ ಹೋದರೆ ಪಾಠ ಹೋದಂತೆಯೇ. 2000ರ ದಶಕದಲ್ಲಿ ವಿಜ್ಞಾನದ ಚಲಿಸುವ ಚಿತ್ರಗಳನ್ನು ಹೆಚ್ಚಾಗಿ ತಯಾರಿಸುತ್ತಿದ್ದುದು ‘ಫ್ಲ್ಯಾಶ್’ ಎಂಬ ತಂತ್ರಾಂಶದಲ್ಲಿ. ಲೋಲಕದ ಆಂದೋಲನ, ಹೃದಯದ ಕವಾಟ, ಡಿ.ಎನ್.ಎ. ಬಿಚ್ಚಿಕೊಳ್ಳುವ ಬಗೆ ಎಲ್ಲ ಅದರಲ್ಲೇ. ಅಡೋಬಿ ಸಂಸ್ಥೆ 2020ರ ಡಿಸೆಂಬರ್ 31ಕ್ಕೆ ಅದರ ಬೆಂಬಲ ನಿಲ್ಲಿಸಿತು. ಕೆಲವೇ ದಿನಗಳಲ್ಲಿ ಆ ಲೋಲಕಗಳೆಲ್ಲ ನಿಂತವು.

ಕನ್ನಡದ ಪಾಠಗಳಿಗೆ ಇನ್ನೊಂದು ಕಂಟಕ ಇತ್ತು, ಈಗಲೂ ಇದೆ. ‘ನುಡಿ’, ‘ಬರಹ’ ಮೊದಲಾದ ತಂತ್ರಾಂಶಗಳು ಬಂದ ಕಾಲದಲ್ಲಿ ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಕೇತಗಳ ಮೇಲೆಯೇ ಕನ್ನಡ ಅಕ್ಷರದ ಆಕಾರಗಳನ್ನು ಕೂರಿಸಲಾಗಿತ್ತು. ಆ ಅಕ್ಷರಶೈಲಿ ಗಣಕಯಂತ್ರದಲ್ಲಿದ್ದರೆ ಕನ್ನಡ, ಇಲ್ಲದಿದ್ದರೆ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ. ಕಡತ ಕೆಟ್ಟಿಲ್ಲ, ಆದರೆ ಅದನ್ನು ತೆರೆದ ವಿದ್ಯಾರ್ಥಿ ಕೆಟ್ಟಿದೆಯೆಂದೇ ತಿಳಿದು ಮುಚ್ಚುತ್ತಾನೆ. ಹುಡುಕುಯಂತ್ರಕ್ಕೂ ಅದು ಕನ್ನಡವೆಂದು ಗೊತ್ತಾಗುವುದಿಲ್ಲ. ಯೂನಿಕೋಡ್ ಪದ್ಧತಿಯಲ್ಲಿ ಹೀಗಿಲ್ಲ. ಅಲ್ಲಿ ‘ಕ’ ಅಕ್ಷರದ ಸಂಖ್ಯೆ 3221. ಮಂಡ್ಯದಲ್ಲೂ ಅದೇ, ಮೆಲ್ಬರ್ನಿನಲ್ಲೂ ಅದೇ. ಹಳೆಯ ನುಡಿ ಕಡತಗಳನ್ನು ಯೂನಿಕೋಡಿಗೆ ಬದಲಾಯಿಸುವ ತಂತ್ರಾಂಶಗಳು ಉಚಿತವಾಗಿಯೇ ಸಿಗುತ್ತವೆ. ಒತ್ತಕ್ಷರ, ಅರ್ಕಾವತ್ತು ಅಲ್ಲಲ್ಲಿ ಕೈಕೊಡುವುದರಿಂದ ವಿಷಯ ಬಲ್ಲವರೊಬ್ಬರು ಓದಿ ತಿದ್ದಬೇಕು. ಆ ಟಿಪ್ಪಣಿ ಬರೆದ ಅಧ್ಯಾಪಕರು ನಿವೃತ್ತರಾಗುವ ಮುನ್ನ ಈ ಕೆಲಸ ಮುಗಿದರೆ ಒಳ್ಳೆಯದು.

ಹಾಗಾದರೆ ಎಲ್ಲವನ್ನೂ ಹಾಗೇ ಬಿಟ್ಟುಬಿಡೋಣವೇ? ಅದೂ ಅಪಾಯ. ವಾಣಿಜ್ಯ ವಿದ್ಯಾರ್ಥಿನಿಯೊಬ್ಬಳಿಗೆ ‘ವ್ಯಾಟ್’ ತೆರಿಗೆಯ ಅಚ್ಚುಕಟ್ಟಾದ ಪಾಠ ಸಿಕ್ಕಿತೆನ್ನಿ. 2017ರ ಜುಲೈ 1ರಿಂದ ಜಿ.ಎಸ್.ಟಿ. ಬಂದಿದೆ ಎಂದು ಆ ವಿಡಿಯೊ ಹೇಳುವುದಿಲ್ಲ, ಹೇಳಲು ಸಾಧ್ಯವೂ ಇಲ್ಲ. 2024ರ ಜುಲೈ 1ರಂದು ಭಾರತೀಯ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂತು. ಹಳೆಯ ಸೆಕ್ಷನ್ ಸಂಖ್ಯೆ ಬರೆದ ಕಾನೂನು ವಿದ್ಯಾರ್ಥಿಯ ಗತಿ ಏನು? ವಿಜ್ಞಾನವೂ ಇದಕ್ಕೆ ಹೊರತಲ್ಲ. ಕಿಲೋಗ್ರಾಮಿನ ವ್ಯಾಖ್ಯೆ ಪ್ಯಾರಿಸ್ ಬಳಿಯ ಲೋಹದ ತುಂಡನ್ನು ಬಿಟ್ಟು 2019ರ ಮೇ 20ರಿಂದ ಪ್ಲಾಂಕ್ ಸ್ಥಿರಾಂಕವನ್ನು ಅವಲಂಬಿಸಿದೆ. ಓಮನ ನಿಯಮ ಮಾತ್ರ ಯಾವ ಸ್ಕೀಮಿನಲ್ಲೂ ಬದಲಾಗಲಿಲ್ಲ.

ಆದ್ದರಿಂದ ಬೇಕಾಗಿರುವುದು ಹಳೆಯದನ್ನು ಅಳಿಸುವುದೂ ಅಲ್ಲ, ಹೊಸದರ ಜೊತೆ ಬೆರೆಸುವುದೂ ಅಲ್ಲ. ಮುಂಬಾಗಿಲಿನಿಂದ ತೆಗೆದು, ಚೀಟಿ ಅಂಟಿಸಿ, ಒಳಗಿನ ಕಪಾಟಿನಲ್ಲಿ ಇಡಬೇಕು. ಚೀಟಿಯಲ್ಲಿ ಪತ್ರಿಕೆಯ ಸಂಕೇತ, ಯಾವ ವರ್ಷದ ಪಠ್ಯಕ್ರಮ, ತಯಾರಿಸಿದವರು, ತಯಾರಾದ ದಿನ, ಯಾವಾಗಿನಿಂದ ಬಳಕೆಯಲ್ಲಿಲ್ಲ ಎಂಬುದಿದ್ದರೆ ಸಾಕು. ಚೀಟಿಯಿಲ್ಲದ ವಿಡಿಯೊ ಹೆಸರು ಬರೆಯದ ಬಿತ್ತನೆ ಚೀಲದಂತೆ.

ಬಿತ್ತನೆಯ ಮಾತು ಬಂದಾಗ ಮಳವಳ್ಳಿ ತಾಲ್ಲೂಕಿನ ಕಿರುಗಾವಲನ್ನು ನೆನೆಯಬೇಕು. ಅಲ್ಲಿನ ರೈತ ಸೈಯದ್ ಘನಿ ಖಾನ್ ನೂರಾರು ದೇಸಿ ಭತ್ತದ ತಳಿಗಳನ್ನು ಕಾಪಾಡಿಕೊಂಡು ಬಂದಿದ್ದಾರೆ. ಭತ್ತವನ್ನು ಕಣಜದಲ್ಲಿ ಮುಚ್ಚಿಟ್ಟರೆ ಒಂದೆರಡು ವರ್ಷಗಳಲ್ಲಿ ಮೊಳೆಯುವ ಶಕ್ತಿ ಕುಂದುತ್ತದೆ. ಹಾಗಾಗಿ ಪ್ರತಿ ತಳಿಯನ್ನೂ ಸ್ವಲ್ಪ ಸ್ವಲ್ಪ ಬಿತ್ತಿ, ಬೆಳೆದು, ಹೆಸರು ಬೆರೆಯದಂತೆ ಹೊಸ ಬೀಜ ತೆಗೆದಿಡಬೇಕು. ಗಣಕ ಕಡತಗಳದ್ದೂ ಇದೇ ಸ್ವಭಾವ. ಸಿ.ಡಿ.ಯ ಪದರ ಹಾಳಾಗುತ್ತದೆ, ಡಿಸ್ಕ್ ಕೆಡುತ್ತದೆ. ಕೆಲವು ವರ್ಷಕ್ಕೊಮ್ಮೆ ಹೊಸ ಸಾಧನಕ್ಕೆ, ಹೊಸ ರೂಪಕ್ಕೆ ನಕಲು ಮಾಡುತ್ತಲೇ ಇರಬೇಕು. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಿನಲ್ಲಿ ಎಂಬುದು ಬಲ್ಲವರ ಲೆಕ್ಕ.

ಖರ್ಚು ಹೆಚ್ಚೆಂಬ ಅನುಮಾನವಿದ್ದರೆ ವಿದ್ಯಾರ್ಥಿಗಳೇ ಲೆಕ್ಕ ಹಾಕಬಹುದು. ಸೆಕೆಂಡಿಗೆ 10 ಲಕ್ಷ ಬಿಟ್‌ಗಳಂತೆ ಒಂದು ಗಂಟೆಯ ಪಾಠಕ್ಕೆ 360 ಕೋಟಿ ಬಿಟ್, ಎಂಟರಿಂದ ಭಾಗಿಸಿದರೆ 45 ಕೋಟಿ ಬೈಟ್, ಎಂದರೆ 450 ಮೆಗಾಬೈಟ್. ನಲವತ್ತು ಗಂಟೆಯ ಪತ್ರಿಕೆಗೆ 18 ಗಿಗಾಬೈಟ್. ಅಂಗೈಯಗಲದ ಒಂದು ಟೆರಾಬೈಟ್ ಡಿಸ್ಕಿನಲ್ಲಿ ಇಂತಹ 55 ಪತ್ರಿಕೆಗಳು ಕೂರುತ್ತವೆ. ಜಾಗ ದುಬಾರಿಯಲ್ಲ. ದುಬಾರಿಯಾಗಿರುವುದು ಚೀಟಿ ಬರೆಯುವ ಮನುಷ್ಯನ ಸಮಯ.

ಅಮೆರಿಕದ ಎಂ.ಐ.ಟಿ. ತನ್ನ ಪಾಠಗಳನ್ನು ಉಚಿತವಾಗಿ ಅಂತರಜಾಲಕ್ಕೆ ಹಾಕುವುದಾಗಿ 2001ರಲ್ಲಿ ಘೋಷಿಸಿತು. ಅಲ್ಲಿ ಪ್ರತಿ ಪಾಠದ ಮೇಲೂ ಅದು ನಡೆದ ಅವಧಿ ಮತ್ತು ವರ್ಷದ ಮುದ್ರೆ ಇರುತ್ತದೆ. ಹೊಸ ಆವೃತ್ತಿ ಬಂದರೆ ಹಳೆಯದು ‘ಡಿ-ಸ್ಪೇಸ್’ ಎಂಬ ಭಂಡಾರಕ್ಕೆ ಹೋಗುತ್ತದೆ. ಈ ತಂತ್ರಾಂಶ ಯಾರಿಗೂ ಉಚಿತ. ಎಡವಿದವರೂ ಇದ್ದಾರೆ. ಬರ್ಕ್ಲಿ ವಿಶ್ವವಿದ್ಯಾಲಯ 2017ರಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಪಾಠಗಳ ಧ್ವನಿ–ದೃಶ್ಯ ಮುದ್ರಿಕೆಗಳನ್ನು ಸಾರ್ವಜನಿಕರಿಂದ ಹಿಂತೆಗೆದುಕೊಂಡಿತು. ಕಿವಿ ಕೇಳದವರಿಗಾಗಿ ಅಕ್ಷರ ಸಾಲುಗಳಿಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಅವನ್ನು ಮೊದಲೇ ಸೇರಿಸಿದ್ದರೆ ಈ ಗತಿ ಬರುತ್ತಿರಲಿಲ್ಲ. ಇತ್ತ ಮೈಸೂರು ವಿಶ್ವವಿದ್ಯಾಲಯಕ್ಕೆ ಸಂಶೋಧನಾ ಲೇಖನಗಳನ್ನು ಕಾಪಾಡುವ ‘ಇ-ಪ್ರಿಂಟ್ಸ್’ ಭಂಡಾರವಿದೆ. ಪಾಠಗಳಿಗೂ ಅಂಥದೊಂದು ಕಪಾಟು ಸಿಕ್ಕಿದರೆ ತಪ್ಪೇನು?

ಮಂಡ್ಯಕ್ಕೆ ಈ ಪ್ರಶ್ನೆ ಇನ್ನೂ ಹತ್ತಿರದ್ದು. 1948ರಲ್ಲಿ ಆರಂಭವಾದ ಇಲ್ಲಿನ ಸರ್ಕಾರಿ ಕಾಲೇಜು 2019ರಲ್ಲಿ ವಿಶ್ವವಿದ್ಯಾಲಯವಾಯಿತು. 2025ರ ಫೆಬ್ರವರಿಯಲ್ಲಿ ಸಚಿವ ಸಂಪುಟದ ಉಪಸಮಿತಿ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚಿ ಮೂಲ ವಿಶ್ವವಿದ್ಯಾಲಯಗಳೊಂದಿಗೆ ವಿಲೀನಗೊಳಿಸುವ ವಿಚಾರ ಚರ್ಚಿಸಿದಾಗ ಮಂಡ್ಯದ ಹೆಸರೂ ಪಟ್ಟಿಯಲ್ಲಿತ್ತು. ವಿಲೀನದ ಮಾತು ಬಂದಾಗ ಕಟ್ಟಡ, ಹುದ್ದೆ, ಅಂಕಪಟ್ಟಿಗಳ ಬಗ್ಗೆ ಎಲ್ಲರೂ ಕೇಳುತ್ತಾರೆ. ಜಾಲತಾಣದ ವಿಳಾಸದ ಬಗ್ಗೆ ಯಾರೂ ಕೇಳುವುದಿಲ್ಲ. ಆದರೆ ವಿಳಾಸ ಬದಲಾದ ದಿನವೇ ಅದರಡಿಯ ಪಾಠ, ಪಠ್ಯಕ್ರಮ, ಪ್ರಶ್ನೆಪತ್ರಿಕೆಗಳ ಕೊಂಡಿಗಳೆಲ್ಲ ಸತ್ತಂತೆ.

ಪಾಲಕರು ಒಂದು ಸಂಗತಿ ತಿಳಿದಿರಬೇಕು. ಮಗ ಅಥವಾ ಮಗಳು ಹತ್ತು ವರ್ಷದ ನಂತರ ಹೊರದೇಶದಲ್ಲಿ ಓದಲು ಅರ್ಜಿ ಹಾಕಿದರೆ ಕೆಲವು ವಿಶ್ವವಿದ್ಯಾಲಯಗಳು ಅಂಕಪಟ್ಟಿಯ ಜೊತೆ ಆ ವರ್ಷದ ಪಠ್ಯಕ್ರಮದ ಪ್ರತಿಯನ್ನೂ ಕೇಳುತ್ತವೆ. ಆದ್ದರಿಂದ ಪ್ರತಿ ಸೆಮಿಸ್ಟರಿನ ಪಠ್ಯಕ್ರಮವನ್ನು ಅದೇ ವರ್ಷ ಇಳಿಸಿಕೊಂಡು ಅಂಕಪಟ್ಟಿಯ ಜೊತೆಗೇ ಇಡುವುದು ಕ್ಷೇಮ. ಎಲ್ಲವನ್ನೂ ಇಡಬೇಕೆಂದೇನೂ ಇಲ್ಲ. ಕೊರೋನಾ ಕಾಲದ ನೇರ ತರಗತಿಗಳ ಮುದ್ರಿಕೆಗಳಲ್ಲಿ ಮಕ್ಕಳ ಮುಖ, ಮನೆಯ ಒಳಾಂಗಣ, ಕೆಲವೊಮ್ಮೆ ಫೋನ್ ಸಂಖ್ಯೆ ಕೂಡ ಇವೆ. ಅವು ಭಂಡಾರಕ್ಕೆ ಹೋಗಬಾರದು.

ಕಾಲೇಜುಗಳಿಗೂ ಒಂದು ಕೆಲಸವಿದೆ. ವಿಭಾಗದ ಬೀರುವಿನ ಕೆಳಗಿನ ಅರೆಯಲ್ಲಿ ಹಳೆಯ ಸಿ.ಡಿ.ಗಳ ಕಟ್ಟು ಬಿದ್ದಿರಬಹುದು. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಅವನ್ನು ಹಾಕುವ ಕಿಂಡಿಯೇ ಇರುವುದಿಲ್ಲ. ಕಿಂಡಿ ಇರುವ ಹಳೆಯ ಗಣಕಯಂತ್ರವೊಂದು ಮೂಲೆಯಲ್ಲಿದ್ದರೆ, ಅದನ್ನು ಹರಾಜಿಗೆ ಹಾಕುವ ಮೊದಲು ಆ ಸಿ.ಡಿ.ಗಳನ್ನು ಒಂದೊಂದಾಗಿ ಹಾಕಿ ನೋಡಬೇಕು.