ಕಾಕಾರ ಪದ್ಮಿನಿ

ಹೈದರಾಬಾದಿನ ಚೌಮಹಲ್ಲಾ ಅರಮನೆಯಲ್ಲಿ 1912ರ ಹಳದಿ ರೋಲ್ಸ್ ರಾಯ್ಸ್ ಇದೆ. ಅದನ್ನು ತರಿಸಹೊರಟ ಆರನೆಯ ನಿಜಾಮ ಮಹಬೂಬ್ ಅಲಿ ಖಾನರು 1911ರಲ್ಲೇ ತೀರಿಕೊಂಡರು. ಕಾರು ಬಂತು, ಒಡೆಯರಿರಲಿಲ್ಲ.

ನಮ್ಮ ಹಳೇ ಕಾರುಗಳ ಬಳಗದಲ್ಲೂ ಈಗ ಕಾರುಗಳಿವೆ, ಹಿರಿಯರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಹೋದ ವರ್ಷ ಬೀದರಿನ ಕಾಕಾ ಹೋದರು.

ಅವರ ಪ್ರೀಮಿಯರ್ ಪದ್ಮಿನಿ ಮಾರಬೇಕೆಂದು ಮಗ ನನ್ನನ್ನು ಕರೆದ. ಎಷ್ಟು ಸಲ ಕೀಲಿ ತಿರುವಿದರೂ ಸ್ಟಾರ್ಟ್ ಆಗಲಿಲ್ಲ. ಬರೀ ಪೆಟ್ರೋಲ್ ವಾಸನೆ. “ಚೋಕ್ ಭಾಳ ಜಗ್ಗಬ್ಯಾಡ ತಮ್ಮಾ, ಅದಕ್ಕ ಉಸಿರು ಕಟ್ಟತದ” ಎನ್ನುತ್ತಿದ್ದರು ಕಾಕಾ. ಪ್ಲಗ್ ಬಿಚ್ಚಿ ಒರೆಸಿ ಹಾಕಿದೆ, ಚೋಕ್ ಒಳಗೆ ತಳ್ಳಿದೆ. ಎಂಜಿನ್ ಎದ್ದಿತು.

ಮಗ ಪಕ್ಕದ ಸೀಟಿನಲ್ಲಿ ಸುಮ್ಮನೆ ಕೂತಿದ್ದ.

“ಅಣ್ಣಾ, ಮಾರೂದು ಆಮ್ಯಾಲ ನೋಡೂಣು. ಮೊದಲ ನನಗ ಇದನ್ನ ಕಲಸ್ರಿ.”

ಈಗ ಭಾನುವಾರ ಬೆಳಿಗ್ಗೆ ಕಲಿಸುತ್ತಿದ್ದೇನೆ.