ಮನೆ ಬ್ಯಾಟರಿಗೆ ರಿಯಾಯಿತಿ: ಬಿಲ್ ದೊಡ್ಡದಿದ್ದವರಿಗಷ್ಟೇ ಸಿಗುತ್ತದೆಯೇ?

ಸಿಡ್ನಿ, ಮೆಲ್ಬರ್ನ್ ಕಡೆಯ ಕನ್ನಡಿಗರು ಸೇರಿದಲ್ಲೆಲ್ಲ ಈಗ ಮನೆ ಸಾಲದ ಬಡ್ಡಿಯ ಜೊತೆಗೆ ಬ್ಯಾಟರಿಯ ಮಾತೂ ಬರುತ್ತದೆ. ಆಸ್ಟ್ರೇಲಿಯಾದ ಕೇಂದ್ರ ಸರ್ಕಾರ 2025ರ ಜುಲೈ 1ರಂದು ‘ಚೀಪರ್ ಹೋಮ್ ಬ್ಯಾಟರೀಸ್’ ಯೋಜನೆ ಆರಂಭಿಸಿ, ಬ್ಯಾಟರಿ ಹಾಕಿಸುವ ಖರ್ಚಿನಲ್ಲಿ ಸುಮಾರು ಶೇ 30ರಷ್ಟನ್ನು ಇಳಿಸಿತು. ಅದಕ್ಕೂ ಮೊದಲೇ, 2024ರ ನವೆಂಬರ್ 1ರಿಂದ, ನ್ಯೂ ಸೌತ್ ವೇಲ್ಸ್ ರಾಜ್ಯ ‘ಪೀಕ್ ಡಿಮ್ಯಾಂಡ್ ರಿಡಕ್ಷನ್ ಸ್ಕೀಮ್’ ಅಡಿಯಲ್ಲಿ ಮನೆ ಬ್ಯಾಟರಿಗೆ ಪ್ರೋತ್ಸಾಹಧನ ಕೊಡುತ್ತಿತ್ತು. ಎರಡರ ಬಗ್ಗೆಯೂ ವಾಟ್ಸಾಪ್ ಗುಂಪುಗಳಲ್ಲಿ ಅರ್ಧಂಬರ್ಧ ಸುದ್ದಿ ಧಾರಾಳವಾಗಿ ಓಡಾಡುತ್ತಿದೆ.

ತಪ್ಪು ಕಲ್ಪನೆ: ಹೆಚ್ಚು ಕರೆಂಟ್ ಉರಿಸುವ ಮನೆಗಷ್ಟೇ ರಿಯಾಯಿತಿ.

ವಾಸ್ತವ: ನಿಮ್ಮ ಬಿಲ್ ಎಷ್ಟು ಬರುತ್ತದೆ ಎಂದು ಯಾರೂ ಕೇಳುವುದಿಲ್ಲ. ಕೇಂದ್ರದ ಯೋಜನೆಗೆ ಆದಾಯದ ಮಿತಿಯೂ ಇಲ್ಲ. ನೋಡುವುದು ಬೇರೆಯದನ್ನೇ: ಬ್ಯಾಟರಿಯ ಸಾಮರ್ಥ್ಯ 5ರಿಂದ 100 ಕಿಲೋವ್ಯಾಟ್ ಅವರ್ ಒಳಗಿರಬೇಕು (ನಮ್ಮ ಬಿಲ್ಲಿನ ಲೆಕ್ಕದಲ್ಲಿ 5ರಿಂದ 100 ಯೂನಿಟ್), ಅದು ಅನುಮೋದಿತ ಪಟ್ಟಿಯಲ್ಲಿರಬೇಕು, ಮಾನ್ಯತೆ ಪಡೆದ ಇನ್‌ಸ್ಟಾಲರ್ ಕೈಯಲ್ಲೇ ಹಾಕಿಸಬೇಕು, ಚಾವಣಿಯ ಮೇಲೆ ಸೋಲಾರ್ ಪ್ಯಾನೆಲ್ ಇರಬೇಕು. ಪ್ಯಾನೆಲ್ ಹಳೆಯದಾದರೂ ನಡೆಯುತ್ತದೆ, ಬ್ಯಾಟರಿಯ ಜೊತೆಗೇ ಹೊಸದಾಗಿ ಹಾಕಿಸಿದರೂ ಸರಿ.

ತಪ್ಪು ಕಲ್ಪನೆ: ಹಾಗಾದರೆ ‘ಪೀಕ್ ಡಿಮ್ಯಾಂಡ್’ ಎಂದರೆ ನಮ್ಮ ಮನೆಯ ಯೂನಿಟ್ ಲೆಕ್ಕವೇ ಅಲ್ಲವೇ?

ವಾಸ್ತವ: ಅಲ್ಲ, ಗೊಂದಲದ ಬೇರು ಇರುವುದೇ ಇಲ್ಲಿ. ಎರಡು ಕಿಲೋವ್ಯಾಟ್‌ನ ಗೀಸರ್ ಅರ್ಧ ಗಂಟೆ ಉರಿದರೆ ಒಂದು ಯೂನಿಟ್ ಖರ್ಚಾಗುತ್ತದೆ. ಆದರೆ ಆ ಅರ್ಧ ಗಂಟೆಯುದ್ದಕ್ಕೂ ಅದು ಗ್ರಿಡ್ ಮೇಲೆ ಹೇರುವ ಭಾರ ಎರಡು ಕಿಲೋವ್ಯಾಟ್. ಬೆಂಗಳೂರಿನ ಬಿಲ್ಲಿನಲ್ಲೂ ಬಳಸಿದ ಯೂನಿಟ್‌ಗೆ ಒಂದು ದರ, ಮಂಜೂರಾದ ಲೋಡ್‌ಗೆ ಕಿಲೋವ್ಯಾಟ್ ಲೆಕ್ಕದಲ್ಲಿ ಬೇರೆ ನಿಗದಿತ ಶುಲ್ಕ ಇರುತ್ತದೆ. ಎರಡೂ ಬೇರೆಬೇರೆ ಅಳತೆ.

ಗ್ರಿಡ್ ನಡೆಸುವವರ ನಿದ್ದೆ ಕೆಡಿಸುವುದು ಈ ಎರಡನೆಯದು. ಪಶ್ಚಿಮ ಸಿಡ್ನಿಯಲ್ಲಿ ಬಿಸಿಲು 40 ಡಿಗ್ರಿ ದಾಟಿದ ದಿನ, ಎಲ್ಲರೂ ಕೆಲಸದಿಂದ ಮನೆಗೆ ಬಂದು ಎಸಿ ಹಾಕಿ, ಒಲೆ ಹಚ್ಚುವ ಹೊತ್ತಿಗೇ ಸರಿಯಾಗಿ ಚಾವಣಿಯ ಸೋಲಾರ್ ಕೈಕೊಡುತ್ತದೆ. ವರ್ಷದಲ್ಲಿ ಬೆರಳೆಣಿಕೆಯ ಇಂಥ ಸಂಜೆಗಳಿಗಾಗಿ ತಂತಿ, ಟ್ರಾನ್ಸ್‌ಫಾರ್ಮರ್, ವಿದ್ಯುತ್ ಸ್ಥಾವರಗಳನ್ನೆಲ್ಲ ಸಜ್ಜಾಗಿ ಇಟ್ಟಿರಬೇಕು, ಆ ಖರ್ಚು ಎಲ್ಲರ ಬಿಲ್ಲಿಗೂ ಬೀಳುತ್ತದೆ. ಅದಕ್ಕೇ ನ್ಯೂ ಸೌತ್ ವೇಲ್ಸ್ ನವೆಂಬರ್‌ನಿಂದ ಮಾರ್ಚ್‌ವರೆಗೆ, ಮಧ್ಯಾಹ್ನ 2.30ರಿಂದ ರಾತ್ರಿ 8.30ರ ಅವಧಿಯನ್ನು ಪೀಕ್ ಎಂದು ಗುರುತಿಸಿತು. ಆ ಹೊತ್ತಿನಲ್ಲಿ ಒಂದು ಗಂಟೆ ಕಾಲ 0.1 ಕಿಲೋವ್ಯಾಟ್ ಬೇಡಿಕೆ ತಗ್ಗಿಸುವ ಶಕ್ತಿಗೆ ಒಂದು ಪ್ರಮಾಣಪತ್ರ ಸಿಗುತ್ತಿತ್ತು. ನಿಮಗೆ ಸಿಗುತ್ತಿದ್ದ ಹಣ ಈ ಪ್ರಮಾಣಪತ್ರಗಳ ಬೆಲೆ. ಎಷ್ಟು ತಗ್ಗಿಸಿದಿರಿ ಎಂದು ನಿಮ್ಮ ಮೀಟರ್ ಓದಿ ನೋಡುತ್ತಿರಲಿಲ್ಲ. ಬ್ಯಾಟರಿಯ ಬಳಕೆಗೆ ಸಿಗುವ ಸಾಮರ್ಥ್ಯದ ಮೇಲೆ ಸೂತ್ರವೊಂದು ಲೆಕ್ಕ ಹಾಕುತ್ತಿತ್ತು. ಬೇಡಿಕೆ ಗ್ರಿಡ್‌ನದು, ಅರ್ಹತೆ ಬ್ಯಾಟರಿಯದು.

ತಪ್ಪು ಕಲ್ಪನೆ: ದೊಡ್ಡ ಬ್ಯಾಟರಿ ಹಾಕಿಸಿದಷ್ಟೂ ಲಾಭ.

ವಾಸ್ತವ: ಮೊದಲು ಈ ಮಾತಿನಲ್ಲಿ ಹುರುಳಿತ್ತು. 50 ಯೂನಿಟ್‌ವರೆಗೆ ಪ್ರತಿ ಯೂನಿಟ್ ಸಾಮರ್ಥ್ಯಕ್ಕೂ ಒಂದೇ ದರದ ರಿಯಾಯಿತಿ. ಜನ ಸುಮ್ಮನಿರುತ್ತಾರೆಯೇ? ದೈತ್ಯ ಬ್ಯಾಟರಿಗಳಿಗೆ ಮುಗಿಬಿದ್ದರು. 230 ಕೋಟಿ ಡಾಲರ್ ಎಂದುಕೊಂಡಿದ್ದ ಯೋಜನೆಯ ಅಂದಾಜನ್ನು ಸರ್ಕಾರ 2025ರ ಡಿಸೆಂಬರ್‌ನಲ್ಲಿ ಸುಮಾರು 720 ಕೋಟಿಗೆ ಏರಿಸಿ, ಜೊತೆಗೆ ನಿಯಮವನ್ನೂ ಬಿಗಿ ಮಾಡಿತು. 2026ರ ಮೇ 1ರಿಂದ ಮೊದಲ 14 ಯೂನಿಟ್‌ಗೆ ಪೂರ್ಣ ದರ, 14ರಿಂದ 28ರವರೆಗಿನ ಭಾಗಕ್ಕೆ ಶೇ 60, 28ರಿಂದ 50ರವರೆಗೆ ಶೇ 15 ಮಾತ್ರ. 40 ಯೂನಿಟ್ ಬ್ಯಾಟರಿಯ ಲೆಕ್ಕ ಹಾಕಿ ನೋಡಿ: 14, 8.4, 1.8 ಕೂಡಿಸಿದರೆ 24.2. ದುಡ್ಡು 40ಕ್ಕೆ ಕೊಡುತ್ತೀರಿ, ರಿಯಾಯಿತಿ ಸಿಗುವುದು 24ರ ಲೆಕ್ಕದಲ್ಲಿ.

ನನ್ನ ಮಟ್ಟಿಗೆ ಇದು ತಡವಾಗಿ ಬಂದ ಒಳ್ಳೆಯ ತಿದ್ದುಪಡಿ. ರಾತ್ರಿಯಿಡೀ 9 ಯೂನಿಟ್ ಬಳಸುವ ಮನೆಗೆ 40 ಯೂನಿಟ್‌ನ ಬ್ಯಾಟರಿ ತರುವುದೆಂದರೆ ಇಬ್ಬರ ಸಾರಿಗೆ ಛತ್ರದ ಕೊಪ್ಪರಿಗೆ ಇಟ್ಟಂತೆ. ಚಳಿಗಾಲದ ಜೂನ್, ಜುಲೈನಲ್ಲಿ ಪ್ಯಾನೆಲ್‌ಗಳು ಅದನ್ನು ತುಂಬಿಸುವುದೂ ಅನುಮಾನ. ಸ್ಮಾರ್ಟ್ ಮೀಟರ್ ಇದ್ದರೆ ಅರ್ಧರ್ಧ ಗಂಟೆಯ ಬಳಕೆಯ ಲೆಕ್ಕವನ್ನು ವಿದ್ಯುತ್ ಕಂಪನಿಯಿಂದ ಕೇಳಿ ಪಡೆಯಿರಿ. ಸೂರ್ಯ ಇಳಿದಾಗಿನಿಂದ ಬೆಳಗಿನವರೆಗೆ ಎಷ್ಟು ಎಳೆಯುತ್ತೀರಿ ಎಂದು ಕೂಡಿಸಿ. ನಿಮ್ಮ ಬಳಕೆ ಲೆಕ್ಕಕ್ಕೆ ಬರುವುದು ಇಲ್ಲಿ, ಅಳತೆ ಆರಿಸುವಾಗ.

ತಪ್ಪು ಕಲ್ಪನೆ: ರಿಯಾಯಿತಿ ಪಡೆದರೆ ಬ್ಯಾಟರಿಯ ಜುಟ್ಟು ಕಂಪನಿಯ ಕೈಗೆ.

ವಾಸ್ತವ: ಸಾವಿರಾರು ಮನೆ ಬ್ಯಾಟರಿಗಳನ್ನು ದೂರದಿಂದ ಒಟ್ಟಿಗೆ ನಡೆಸುವ ವ್ಯವಸ್ಥೆಗೆ ವರ್ಚುವಲ್ ಪವರ್ ಪ್ಲಾಂಟ್ ಎನ್ನುತ್ತಾರೆ. ಗ್ರಿಡ್‌ಗೆ ಜೋಡಿಸಿದ ಬ್ಯಾಟರಿಗೆ ಅದಕ್ಕೆ ಸೇರುವ ಸಾಮರ್ಥ್ಯ ಇರಬೇಕು ಎನ್ನುತ್ತದೆ ಕೇಂದ್ರದ ನಿಯಮ, ಸೇರಲೇಬೇಕು ಎನ್ನುವುದಿಲ್ಲ. ನ್ಯೂ ಸೌತ್ ವೇಲ್ಸ್ ಮಾತ್ರ 2025ರ ಜುಲೈನಿಂದ ಬ್ಯಾಟರಿ ಹಾಕಿಸುವುದಕ್ಕೆ ಕೊಡುತ್ತಿದ್ದ ಪ್ರೋತ್ಸಾಹಧನ ನಿಲ್ಲಿಸಿ, ಸೇರುವವರಿಗೆ ಕೊಡುವುದನ್ನು ಹೆಚ್ಚುಕಡಿಮೆ ದುಪ್ಪಟ್ಟು ಮಾಡಿತು. ಆಗ ಕೇಂದ್ರದ್ದನ್ನೂ ಇದನ್ನೂ ಎರಡನ್ನೂ ಪಡೆಯಬಹುದಿತ್ತು. ಸೇರುವ ಮುನ್ನ ಒಪ್ಪಂದದಲ್ಲಿ ಎಷ್ಟು ಚಾರ್ಜ್ ನಿಮಗಾಗಿ ಉಳಿಸುತ್ತಾರೆ, ಬಿಟ್ಟುಹೋಗಲು ಏನು ಷರತ್ತು ಎಂಬ ಸಾಲುಗಳನ್ನು ಓದಿ. ಕ್ಯಾಲಿಫೋರ್ನಿಯಾದ ನೆಂಟರ ಅನುಭವ ಇಲ್ಲಿ ಉಪಯೋಗಕ್ಕೆ ಬಾರದು: ಅಲ್ಲಿ 2025ರಲ್ಲಿ ತೆರೆದ ಹೊಸ ನೆರವು ಕಡಿಮೆ ಆದಾಯದ ಕುಟುಂಬಗಳಿಗೆ, ಬೇಡಿಕೆ ಏರಿದಾಗ ಸ್ಪಂದಿಸುವ ಕಾರ್ಯಕ್ರಮಕ್ಕೆ ಸೇರುವುದೂ ಕಡ್ಡಾಯ.

ತಪ್ಪು ಕಲ್ಪನೆ: ಬ್ಯಾಟರಿ ಇದ್ದರೆ ಕರೆಂಟ್ ಹೋಗುವ ಚಿಂತೆಯೇ ಇಲ್ಲ.

ವಾಸ್ತವ: ಬ್ಯಾಕಪ್ ಸೌಲಭ್ಯವನ್ನು ಪ್ರತ್ಯೇಕವಾಗಿ ಕೇಳಿ ಹಾಕಿಸಬೇಕು. ಅದಿಲ್ಲದಿದ್ದರೆ ಗ್ರಿಡ್ ನಿಂತಾಗ ಬ್ಯಾಟರಿ ತುಂಬಿದ್ದರೂ ಮನೆ ಕತ್ತಲೆ. ಊರಿನ ಯುಪಿಎಸ್ ನೋಡಿ ಬೆಳೆದವರು ಎಡವುವುದು ಇಲ್ಲೇ.

ತಪ್ಪು ಕಲ್ಪನೆ: ಊರಲ್ಲೂ ಪಿಎಂ ಸೂರ್ಯ ಘರ್‌ನಲ್ಲಿ ಬ್ಯಾಟರಿಗೆ ಸಬ್ಸಿಡಿ ಇದೆ.

ವಾಸ್ತವ: ಆ ಸಬ್ಸಿಡಿ ಪ್ಯಾನೆಲ್‌ಗೆ. ಒಂದು ಕಿಲೋವ್ಯಾಟ್‌ಗೆ 30,000 ರೂಪಾಯಿ, ಎರಡಕ್ಕೆ 60,000, ಮೂರು ಮತ್ತು ಮೇಲ್ಪಟ್ಟರೆ 78,000. ಬ್ಯಾಟರಿಯ ಸಾಮರ್ಥ್ಯಕ್ಕೆ ಅದರಲ್ಲಿ ಲೆಕ್ಕವಿಲ್ಲ.

ಆಸ್ಟ್ರೇಲಿಯಾದಲ್ಲಿ ಹಾಕಿಸುವವರು ಇನ್ನೊಂದನ್ನು ಗಮನಿಸಬೇಕು. ರಿಯಾಯಿತಿ ಸಾಮಾನ್ಯವಾಗಿ ನಿಮ್ಮ ಖಾತೆಗೆ ಬರುವುದಿಲ್ಲ, ಇನ್‌ಸ್ಟಾಲರ್ ಕೊಡುವ ಬಿಲ್ಲಿನಲ್ಲೇ ಕಡಿತವಾಗುತ್ತದೆ. ಆದ್ದರಿಂದ ಕೊಟೇಶನ್‌ನಲ್ಲಿ ಬಳಕೆಗೆ ಸಿಗುವ ಸಾಮರ್ಥ್ಯ, ಕೇಂದ್ರದ ರಿಯಾಯಿತಿಗೆ ಲೆಕ್ಕ ಹಾಕುವ ಪ್ರಮಾಣಪತ್ರಗಳ ಸಂಖ್ಯೆ, ಒಂದೊಂದಕ್ಕೆ ಹಿಡಿದ ಬೆಲೆ, ಈ ಮೂರನ್ನೂ ಬರೆಸಿಕೊಳ್ಳಿ. 2030ರವರೆಗೆ ಸಾಗುವ ಯೋಜನೆಯಲ್ಲಿ ನೆರವು ಹಂತಹಂತವಾಗಿ ಇಳಿಯುತ್ತಲೇ ಇರುತ್ತದೆ, ಮತ್ತು ದರ ನಿರ್ಧಾರವಾಗುವುದು ಬ್ಯಾಟರಿ ಅಳವಡಿಸಿದ ದಿನಕ್ಕೆ, ಮುಂಗಡ ಕೊಟ್ಟ ದಿನಕ್ಕಲ್ಲ.